ಡೇರೆ ಕುಂಡಕ್ಕೆ ಜೋಕಪ್ಪನ ಅಂಬಲಿ

ಕೂಡ್ಲಿಗಿಯಲ್ಲಿ ಯಾವ ಸಭೆ ನಡೆದರೂ ಸರಿ, ದೊಡ್ಡವರಿಗಿಂತ ಮುಂಚೆ ವೇದಿಕೆ ಏರುತ್ತಿದ್ದುದು ಶಿವಲೀಲಾ ಪಾಲಾಕ್ಷಪ್ಪನವರ ಹೆಸರು. ಹೆಸರಷ್ಟೇ, ಆಕೆಯಲ್ಲ. ಆಕೆ ಕೆಳಗೆ ಹೆಂಗಸರಿಗೆಂದು ಹಾಸಿದ ಜಮಖಾನೆಯ ಮೇಲೆ ಮೊದಲ ಸಾಲಿನಲ್ಲಿ ಕೂತು, ತನ್ನ ಹೆಸರು ಮೇಲೆ ಹೇಗೆ ಕಾಣುತ್ತಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಇದು ಶುರುವಾದದ್ದು ಪಾತ್ರೆಗಳಿಂದ. ಮದುವೆ, ದೇವರ ಕಾರ್ಯ ಅಂತ ಒಬ್ಬರ ಮನೆಯ ಕೊಡ, ಕೊಳಗ, ಪರಾತ ಇನ್ನೊಬ್ಬರ ಮನೆಗೆ ಹೋಗುವುದು ಇದ್ದದ್ದೇ. ಹೋದದ್ದು ತಿರುಗಿ ಬರಲಿ ಎಂದು ಅದರ ಮೇಲೆ ಹೆಸರು ಕೊರೆಸಿರುತ್ತಾರೆ. ಶಿವಲೀಲಾ ಅದೇ ಬುದ್ಧಿಯಿಂದ ತಮ್ಮ ಹೂವಿನ ಕುಂಡಗಳಿಗೂ ಹೆಸರು ಬರೆಸಿದರು. ಕೆಮ್ಮಣ್ಣು ಬಳಿದ ಕುಂಡ, ಅದರ ಹೊಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ದುಂಡಗೆ, ‘ಶ್ರೀಮತಿ ಶಿವಲೀಲಾ ಪಾಲಾಕ್ಷಪ್ಪ’. ಬರೆದವನು ಲಾರಿಗಳಿಗೆ ಬರೆಯುವ ಪೇಂಟರು. ಒಂದು ಕುಂಡದ ಹಿಂಬದಿಗೆ ಕೈ ಅಭ್ಯಾಸದ ಮೇಲೆ ‘ಹಾರನ್ ಮಾಡಿ’ ಅಂತಲೂ ಬರೆದುಬಿಟ್ಟಿದ್ದ. ಅದನ್ನು ಸುಣ್ಣ ಹಚ್ಚಿ ಮುಚ್ಚಬೇಕಾಯಿತು.

ಬಳ್ಳಾರಿಯಿಂದ ಯಾರೋ ದೊಡ್ಡ ಸಾಹೇಬರು ಬಂದಾಗ, ವೇದಿಕೆಗೆ ಇರಲಿ ಎಂದು ತಾಲೂಕು ಕಚೇರಿಯವರು ಆ ಕುಂಡಗಳನ್ನು ಒಯ್ದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಸಾಹೇಬರ ಮುಖ ಮಸಿ ಮಸಿಯಾಗಿತ್ತು. ಆದರೆ ಅವರ ಬೂಟುಗಳ ಪಕ್ಕದಲ್ಲಿ ‘ಶ್ರೀಮತಿ ಶಿವಲೀಲಾ ಪಾಲಾಕ್ಷಪ್ಪ’ ಅನ್ನುವುದು ಕನ್ನಡ ಶಾಲೆಯ ಬೋರ್ಡಿನ ಹಾಗೆ ಸ್ಪಷ್ಟವಾಗಿತ್ತು. ಆ ತುಣುಕಿಗೆ ಕಟ್ಟು ಹಾಕಿಸಿ, ಕೊಟ್ಟೂರೇಶ್ವರನ ಪಟಕ್ಕೂ ಗೋಡೆ ಗಡಿಯಾರಕ್ಕೂ ನಡುವೆ ತೂಗುಹಾಕಿದರು.

ಪಾಲಾಕ್ಷಪ್ಪನವರು ರಸ್ತೆ ಕೆಲಸದ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಕಟ್ಟು ಹಾಕಿದ ಫೋಟೋ ನೋಡಿ ಅಂದರು, “ಹರೇದಾಗಿಂದ ಮುಪ್ಪಿನ ತನಕ ರೋಡು ಮಾಡಿಸಿದೆ ನೋಡು. ನನ್ನ ಹೆಸರು ಒಂದು ಮೈಲಿಗಲ್ಲಿನ ಮ್ಯಾಲೂ ಬರಲಿಲ್ಲ. ನೀನು ಮಣ್ಣಿನ ಕುಂಡದ ಮ್ಯಾಲೆ ಬರಿಸಿ ಪೇಪರಿಗೆ ಬಂದಿ.”

“ನಿಮ್ಮ ಹೆಸರೂ ಐತಲ್ರಿ ಅದ್ರಾಗ, ಕೊನೀಗೆ.”

“ಐತಿ, ಐತಿ. ಬಾಲದಂಗ.”

ಅಲ್ಲಿಂದ ಮುಂದೆ ಅದು ಪದ್ಧತಿಯೇ ಆಯಿತು. ಸಭೆ ಅಂದರೆ ಶಾಮಿಯಾನ, ಮೈಕು, ಶಿವಲೀಲಕ್ಕನ ಕುಂಡ. ಕುಂಡ ಆರಿಸುವ ಅಧಿಕಾರವೆಲ್ಲ ಜವಾನ ಹಾಲಸ್ವಾಮಿಯದು. ಅವನು ಬರುವುದು ಕನ್ಯೆ ನೋಡಲು ಬಂದ ಹಾಗೆ. ಮೊದಲು ಉಪ್ಪಿಟ್ಟು, ಆಮೇಲೆ ಚಹಾ, ಆಮೇಲೆ ಮೀಸೆ ಒರೆಸಿಕೊಂಡು ಎದ್ದು, ಒಂದೊಂದೇ ಕುಂಡವನ್ನು ತಿರುವಿ ತಿರುವಿ ನೋಡುವುದು. “ಇದು ಎಡಗಡಿ ಸೊರಗೈತ್ರಿ ಅಮ್ಮಾರ. ಇದು ಗಿಡ್ಡ ಐತಿ. ಇದರದು ಬಣ್ಣ ಕಪ್ಪು, ಸಾಹೇಬ್ರ ಬಾಜೂಕ ಒಪ್ಪಂಗಿಲ್ಲ.”

ಪಕ್ಕದ ಮನೆ ಈರಕ್ಕನದು. ಎರಡು ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಮೊದಮೊದಲು ಆ ಗೋಡೆಯ ಮೇಲಿಂದ ಚಟ್ನಿಪುಡಿ, ಹುಗ್ಗಿ, ಊರ ಸುದ್ದಿ ಎಲ್ಲ ಓಡಾಡುತ್ತಿದ್ದವು. ಶಿವಲೀಲಾ ತಾವೇ ಟೊಂಗೆ ಮುರಿದು ಕೊಟ್ಟು, ಕ್ರೋಟನ್ ನೆಡುವುದನ್ನು ಈರಕ್ಕನಿಗೆ ಕಲಿಸಿದ್ದರು. ಕಲಿತ ಈರಕ್ಕ ತಾನೂ ಕುಂಡ ತರಿಸಿದಳು. ಅದೇ ಪೇಂಟರನ ಕೈಯಲ್ಲಿ ತಾನೂ ಹೆಸರು ಬರೆಸಿದಳು. ಹಳದಿ ಬಣ್ಣ, ಒಂದು ಬೆರಳು ದೊಡ್ಡ ಅಕ್ಷರ. ಅವತ್ತಿನಿಂದ ಗೋಡೆಯ ಮೇಲೆ ಚಟ್ನಿಪುಡಿಯ ಓಡಾಟ ನಿಂತಿತು.

ತೊಂಬತ್ತೆಂಟನೇ ಇಸವಿಯ ಶ್ರಾವಣದಲ್ಲಿ ಹಾಲಸ್ವಾಮಿ ಉಪ್ಪಿಟ್ಟು ತಿಂದು ಒಂದು ಸುದ್ದಿ ಹೇಳಿದ. ಭಾದ್ರಪದದ ಹುಣ್ಣಿಮೆ ಕಳೆದ ಮರುದಿನ ಹೊಸ ಸಮುದಾಯ ಭವನದ ಉದ್ಘಾಟನೆ. ಸಾಕ್ಷಾತ್ ಮಂತ್ರಿಗಳೇ ಬರುತ್ತಾರೆ.

“ಈ ಸಲ ಸಾಹೇಬ್ರು ಹೇಳ್ಯಾರ್ರಿ ಅಮ್ಮಾರ, ಅಲ್ಲೊಂದು ಇಲ್ಲೊಂದು ತಂದು ಇಡಬ್ಯಾಡ, ಎಲ್ಲಾ ಒಂದಽ ಮನಿಯವು, ಒಂದಽ ನಮೂನಿಯವು ಇರ್ಲಿ ಅಂತ. ಹನ್ನೆರಡು ಕುಂಡ. ನಿಮ್ಮನಿಯವರ ಆಗ್ಲಿ, ಈರಕ್ಕಾರ ಮನಿಯವರ ಆಗ್ಲಿ.” ಹಾಗೆಂದು ಅವನು ಗೋಡೆಯ ಕಡೆ ನೋಡಿ ದನಿ ತಗ್ಗಿಸಿದ. “ಅಲ್ಲೂ ಉಪ್ಪಿಟ್ಟು ಚಲೋ ಮಾಡ್ತಾರ್ರಿ.”

ಶಿವಲೀಲಾ ಏನೂ ತೋರಗೊಡದೆ ನಕ್ಕರು. ಅವರ ಹತ್ತಿರ ಈರಕ್ಕನ ಹತ್ತಿರವಿಲ್ಲದ ಒಂದು ಅಸ್ತ್ರವಿತ್ತು. ಶಿರಸಿಯಲ್ಲಿರುವ ಮಗಳ ಮನೆಯಿಂದ ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ ತಂದು ನೆಟ್ಟಿದ್ದರು. ಊಟದ ತಟ್ಟೆಯಗಲ ಬಿಡುವ ಹೂವು. ಕೆಂಪು, ಹಳದಿ, ನೇರಳೆ. ಮಳೆಯೂ ಆ ವರ್ಷ ಮುನಿಯಲಿಲ್ಲ. ಮೊಗ್ಗುಗಳು ಲಿಂಬೆಹಣ್ಣಿನಷ್ಟು ದಪ್ಪಗೆ ತೂಗತೊಡಗಿದವು.

ಆದರೆ ಶಿರಸಿಯಿಂದ ಗಡ್ಡೆ ಒಂದೇ ಬಂದಿರಲಿಲ್ಲ. ಹಸಿ ಗೋಣಿಚೀಲದ ಮಣ್ಣಿನಲ್ಲಿ, ಟಿಕೇಟು ತೆಗೆಸದೆ, ಇನ್ನೂ ಕೆಲವರು ಬಸ್ಸು ಹತ್ತಿ ಬಂದಿದ್ದರು. ಬಸವನಹುಳದ್ದೇ ಜಾತಿ, ಆದರೆ ಬೆನ್ನ ಮೇಲೆ ಮನೆ ಇಲ್ಲ. ಕಪ್ಪು ಮೈ, ಬೆರಳುದ್ದ, ಹೋದಲ್ಲೆಲ್ಲ ಲೋಳೆ. ಓಣಿಯವರು ಅದಕ್ಕೆ ಗೊಣ್ಣಿಹುಳ ಅಂದರು. ಕೂಡ್ಲಿಗಿಯ ಒಣ ನೆಲದಲ್ಲಿ ಅದು ಬದುಕುವ ಪೈಕಿ ಅಲ್ಲ. ಆದರೆ ಶಿವಲೀಲಾ ದಿನಕ್ಕೆ ಎರಡು ಹೊತ್ತು ನೀರುಣಿಸುವ ಅಂಗಳ ಕೂಡ್ಲಿಗಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಓಣಿಯ ನಲ್ಲಿ ಎಂಟು ದಿನಕ್ಕೊಮ್ಮೆ ಸೀನುತ್ತಿದ್ದಾಗಲೂ ಈ ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಡೇರೆಯ ಎಲೆಯಲ್ಲೆಲ್ಲ ತೂತು. ಒಂದು ಮೊಗ್ಗಂತೂ ಅರ್ಧ ತಿಂದ ಬಜ್ಜಿಯ ಹಾಗೆ ನಿಂತಿತ್ತು.

ಮೊದಲು ಉಪ್ಪು ಹಾಕಿದರು. ಮಹಿಳಾ ಮಂಡಳಿಯಲ್ಲಿ ಯಾರೋ ಹೇಳಿದ್ದರು, ಉಪ್ಪು ಬಿದ್ದರೆ ಹುಳ ಕರಗುತ್ತದೆ ಅಂತ. ಹುಳ ಕರಗಿದ್ದೂ ನಿಜ. ಆದರೆ ಧಾರಾಳವಾಗಿ ಮುಷ್ಟಿ ಮುಷ್ಟಿ ಹಾಕಿದ್ದರಿಂದ ಎರಡು ಕ್ರೋಟನ್ ಗಿಡಗಳೂ ಅದರ ಜೊತೆಗೇ ಸ್ವರ್ಗಕ್ಕೆ ಹೋದವು. “ಉಪ್ಪಿನಕಾಯಿ ಹಾಕೋದು ಮರೀಬ್ಯಾಡ, ಮಾವಿನಕಾಯಿನೂ ಹೆಚ್ಚಿ ಹಾಕು,” ಅಂದರು ಪಾಲಾಕ್ಷಪ್ಪ.

ಆಮೇಲೆ ಒಲೆಯ ಬೂದಿ. ಅದನ್ನು ಒಂದು ಮಳೆ ತೊಳೆದುಕೊಂಡು ಹೋಯಿತು. ಆಮೇಲೆ ಒಂದು ವಾರಪತ್ರಿಕೆಯ ಸಲಹೆ ಕಣ್ಣಿಗೆ ಬಿತ್ತು: ಮೊಟ್ಟೆ ಚಿಪ್ಪನ್ನು ಪುಡಿಮಾಡಿ ಗಿಡದ ಸುತ್ತ ಹರಡಿದರೆ ಹುಳ ದಾಟುವುದಿಲ್ಲ.

“ಮೊಟ್ಟಿ?” ಪಾಲಾಕ್ಷಪ್ಪ ಕೊರಳಿನ ಲಿಂಗ ಮುಟ್ಟಿಕೊಂಡರು. “ನಮ್ಮ ಮನ್ಯಾಗ?”

“ಚಿಪ್ಪು ರೀ, ಚಿಪ್ಪು. ಒಳಗಿಂದು ಯಾರೋ ತಿಂದಿರ್ತಾರ. ಬಸ್‌ ಸ್ಟ್ಯಾಂಡಿನ ಎಗ್‌ರೈಸ್ ಗಾಡ್ಯಾಗ ರಾಶಿ ಬಿದ್ದಿರ್ತಾವ. ಒಂದು ಚೀಲ ಹಿಡ್ಕೊಂಡು ಹೋಗಿ ಬರ್ರಿ.”

ಮಂತ್ರಿಗಳ ವಿಷಯ, ಹೆಂಡತಿಯ ವಿಷಯ, ಹೋದರು. ಚೀಲದ ಮೇಲೆ ಕೊತ್ತಂಬರಿ ಹರಡಿಕೊಂಡು ಬಂದರು. ಶಿವಲೀಲಾ ಅದನ್ನು ಕುಟ್ಟಲು ಕೂತ ಹೊತ್ತಿಗೆ ಸರಿಯಾಗಿ ಭಿಕ್ಷಕ್ಕೆ ಅಯ್ಯನವರು ಬಂದು ಬಾಗಿಲಲ್ಲಿ ನಿಂತರು. ಅಂಗಳದಲ್ಲಿ ಬೆಳ್ಳಗೆ ಹರಡಿದ್ದನ್ನು ನೋಡಿದರು. ಶಿವಲೀಲಾ, “ಸುಣ್ಣದ ಹರಳು ರೀ ಅಯ್ಯನವರ,” ಅಂದರು. ಅಯ್ಯನವರು ಮೂಗಿಗೆ ಶಲ್ಯ ಹಿಡಿದು, “ಸುಣ್ಣ ನಾರಾಕ ಹತ್ತೈತಲ್ಲವಾ,” ಎಂದು ಜೋಳಿಗೆ ಮಡಿಚಿಕೊಂಡು ಹೊರಟೇಹೋದರು.

ಗೋಡೆಯ ಆಚೆಯಿಂದ ಈರಕ್ಕನ ದನಿ ಬಂತು. “ಏನ್ರಿ ಅಕ್ಕಾ, ಕೋಳಿ ಸಾಕೀರೇನು? ಚಲೋ ಆತು ಬಿಡ್ರಿ, ಮುಂಜಾನಿ ಎಬ್ಬಸ್ತಾವ.”

“ನಿಮ್ಮನ್ಯಾಗ ಹುಳ ಬಂದಿಲ್ಲೇನು ಈರಕ್ಕಾ?” ಶಿವಲೀಲಾ ಮಾತು ತಿರುಗಿಸಿದರು.

“ಬಂದಾವ, ಬಂದಾವ. ನಿಮ್ಮನಿಯಿಂದಽ ಬಂದಾವ. ಕ್ರೋಟನ್ ನೀವಽ ಕೊಟ್ರಿ, ಹುಳಾನೂ ನೀವಽ ಕೊಟ್ರಿ. ದೊಡ್ಡ ಮನಸ್ಸು ನಿಮ್ದು.”

ಹೀಗೆ ಚೌತಿ ಕಳೆಯಿತು, ಗಣಪತಿ ನೀರಿಗೆ ಹೋದ. ಗಣಪತಿ ಹೋದ ಮೇಲೆ ಬರುವವನು ಮಳೆ ಬೆಳೆಯ ದೇವರು ಜೋಕುಮಾರ, ಹಳ್ಳಿಯವರ ಬಾಯಲ್ಲಿ ಜೋಕಪ್ಪ. ಗಂಗಾಮತದವರ ಕೇರಿಯ ಎರ್ರಮ್ಮ ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಸಿಂಗರಿಸಿ, ನಾಲ್ಕಾರು ಹೆಂಗಸರ ಜೊತೆ ಹಾಡಿಕೊಂಡು ಮನೆ ಮನೆಗೆ ಬರುತ್ತಾಳೆ. ಅಗಲ ಕಣ್ಣು, ದೊಡ್ಡ ಮೀಸೆ, ಬಾಯಿಗೆ ಬೆಣ್ಣೆ. ಮನೆಯವರು ಮೊರದಲ್ಲಿ ಜೋಳ ಕೊಟ್ಟರೆ ಅವಳು ಬೇವಿನೆಲೆಯ ಜೊತೆ ಒಂದು ಸೌಟು ಅಂಬಲಿ ಕೊಡುತ್ತಾಳೆ. ರೈತರು ಅದನ್ನು ನೀರಿನಲ್ಲಿ ಕಲಸಿ ಹೊಲದ ತುಂಬ ಹನಿ ಹನಿ ಚೆಲ್ಲುತ್ತಾರೆ. ಅದೇ ಚರಗ. ಜೋಕಪ್ಪನ ಚರಗ ಬಿದ್ದ ಹೊಲಕ್ಕೆ ಹುಳ ಹತ್ತುವುದಿಲ್ಲ ಅಂತ ಮಾತು.

ಹೋದ ವರ್ಷ ಇದೇ ಎರ್ರಮ್ಮನನ್ನು ಶಿವಲೀಲಾ ಗೇಟಿನಿಂದಲೇ ವಾಪಸು ಕಳಿಸಿದ್ದರು. ಮಹಿಳಾ ಮಂಡಳಿಯಲ್ಲಿ ‘ಮೂಢನಂಬಿಕೆ ಮತ್ತು ಮಹಿಳೆ’ ಎಂಬ ವಿಷಯದ ಮೇಲೆ ಮಾತಾಡಿ ಬಂದ ಹೊಸತು ಅದು. ಈ ವರ್ಷ ಹಾಡು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ಹಿತ್ತಲಿಗೆ ಓಡಿ, ಬಾಗಿಲು ತೆರೆದು, ಕೈಸನ್ನೆ ಮಾಡಿ ಕರೆದರು.

“ಯಾಕವ್ವಾ,” ಎರ್ರಮ್ಮ ಬುಟ್ಟಿ ಇಳಿಸಲೇ ಇಲ್ಲ. “ಹ್ವಾದ ವರ್ಷ ಮೂಢನಂಬಿಕಿ, ಮುಂದಕ ಹೋಗ್ರಿ ಅಂದಿದ್ರಿ. ಈಗ ಕರದೀರಿ, ಅದೂ ಹಿತ್ತಲ ಬಾಗ್ಲಿಗೆ?”

“ಅದು ಹ್ವಾದ ವರ್ಷ. ಮೆಲ್ಲಕ ಮಾತಾಡು ಮಾರಾಯ್ತಿ, ಬಾಜೂ ಮನ್ಯಾಗ ಕಿವಿ ಅದಾವ.”

“ಜೋಕಪ್ಪ ಮುಂಬಾಗ್ಲಿಗೆ ಬರೋ ದೇವ್ರು. ಕಳ್ಳನಂಗ ಹಿತ್ತಲದಾಗ ನಿಂದ್ರಿಸಿದ್ರ ಸಿಟ್ಟಾಗ್ತಾನ.”

“ಮೊರದ ತುಂಬ ಜ್ವಾಳ ಹಾಕ್ತೀನಿ.”

ಎರ್ರಮ್ಮ ಬುಟ್ಟಿ ಇಳಿಸಿದಳು. “ಮುಂಬಾಗ್ಲೇನು, ಹಿತ್ತಲೇನು, ದೇವ್ರಿಗೆ ಎಲ್ಲಾ ಒಂದಽ ಬಿಡ್ರಿ. ಹೊಲ ಎಲ್ಲೈತಿ ನಿಮ್ದು?”

“ಹೊಲ ಇಲ್ಲ. ಕುಂಡ.”

“ಕುಂಡಾ?” ಅಂದಳು ಎರ್ರಮ್ಮ. ಹಿಂದಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. “ಹುಟ್ಟಿದಾಗಿಂದ ನಮ್ಮವ್ವನ ಕೂಡ ಇವನ್ನ ಹೊತ್ತೀನಿ. ಜ್ವಾಳಕ್ಕ ಕೇಳ್ಯಾರ, ಶೇಂಗಾಕ್ಕ ಕೇಳ್ಯಾರ, ಕೂಸು ಆಗ್ಲಿ ಅಂತ ಕೇಳ್ಯಾರ. ಕುಂಡಕ್ಕ ಕೇಳಿದಾಕಿ ನೀವಽ ಮೊದ್ಲು. ಹಿಡೀರಿ. ನೀರಾಗ ಕಲಸಿ ಒಂದೊಂದು ಹನಿ ಚೆಲ್ರಿ, ಸಾಕು.”

ಒಂದು ಸೌಟು! ಶಿವಲೀಲಾ ಬಟ್ಟಲು ಹಿಡಿದು ಯೋಚಿಸಿದರು. ಅಂಗಳದಲ್ಲಿ ಅಷ್ಟೊಂದು ಕುಂಡ, ಕೈಯಲ್ಲಿ ಇಷ್ಟೇ ಅಂಬಲಿ. ಮೂಢನಂಬಿಕೆ ಆದರೇನು, ಮಾಡುವುದನ್ನು ವೈಜ್ಞಾನಿಕವಾಗಿ ಮಾಡಬೇಕು. ಔಷಧಿ ಅಂದ ಮೇಲೆ ಪ್ರಮಾಣ ಬೇಡವೇ? ಒಂದು ಚಮಚ ಹೆಪ್ಪು ಹಾಕಿದರೆ ಒಂದು ಗಡಿಗೆ ಹಾಲು ಮೊಸರಾಗುವುದಿಲ್ಲವೇ? ಹಾಗೆಂದು ದೊಡ್ಡ ಗಡಿಗೆಯಲ್ಲಿ ಜೋಳದ ನುಚ್ಚಿನ ಅಂಬಲಿ ಕಾಯಿಸಿ, ಆರಿಸಿ, ಅದಕ್ಕೆ ಜೋಕಪ್ಪನ ಸೌಟನ್ನು ಹೆಪ್ಪು ಹಾಕಿ, ಒಲೆಯ ಪಕ್ಕ ಬೆಚ್ಚಗಿಟ್ಟು, ಘಮ್ಮೆಂದು ಹುಳಿ ಬರುವ ತನಕ ಕಾದರು.

ಆ ಹುಳಿವಾಸನೆ ಹಿಡಿದು ಮೊದಲು ಬಂದವರು ಪಾಲಾಕ್ಷಪ್ಪ. ಚೆಂಬಿನಲ್ಲಿ ಎತ್ತಿ, ಒಂದು ಉಳ್ಳಾಗಡ್ಡಿ ಕಡಿದುಕೊಂಡು ಕುಡಿದರು. ಕಣ್ಣು ತುಂಬಿ ಬಂತು. “ಲೇ ಶಿವಲೀಲಾ, ನಮ್ಮವ್ವ ಹೋದ ಮ್ಯಾಲೆ ಇಂಥಾ ಅಂಬ್ಲಿ ಕುಡದಿದ್ದಿಲ್ಲ ನಾನು.”

“ಅಯ್ಯ, ಅದು ನಿಮಗಲ್ರಿ! ಗಿಡಕ್ಕ!”

“ಗಿಡ ಕಟ್ಟಿಗೊಂಡು ಪುಣ್ಯಾ ಮಾಡಿದಿ ನೋಡು,” ಎಂದು ಇನ್ನೊಂದು ಚೆಂಬು ಎತ್ತಿದರು.

ಸಂಜೆಗೆ ಶಿವಲೀಲಾ ತಲೆತುಂಬ ಸೆರಗು ಹೊದ್ದು ಚರಗಕ್ಕೆ ಇಳಿದರು. ಹೊಲದಲ್ಲಾದರೆ ಗಂಡಸರು ಎದೆ ತುಂಬ ಗಾಳಿ ತುಂಬಿಕೊಂಡು ‘ಹುಲಿಗ್ಯೋ’ ಅಂತ ಕೂಗುತ್ತ ಚೆಲ್ಲುತ್ತಾರೆ. ಕೂಗದಿದ್ದರೆ ಫಲ ಇಲ್ಲವೇನೋ ಅಂತ ಅನುಮಾನ. ಕೂಗಿದರೆ ಈರಕ್ಕ ಕೇಳುತ್ತಾಳೆ. ಕೊನೆಗೆ ಪ್ರತಿ ಕುಂಡಕ್ಕೂ ಬಗ್ಗಿ, ಅದರ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ, “ಹುಲಿಗ್ಯೋ... ಹುಲಿಗ್ಯೋ...” ಎಂದು ಪಿಸುಗುಡುತ್ತ, ಒಂದೊಂದು ಹನಿಯಲ್ಲ, ಒಂದೊಂದು ಲೋಟ ಸುರಿದರು.

ಬೆಳಿಗ್ಗೆ ಬಾಗಿಲು ತೆಗೆದವರು ಹೊಸ್ತಿಲ ಮೇಲೆಯೇ ನಿಂತರು.

ಅಂಗಳದಲ್ಲಿ ಮಹಾ ದಾಸೋಹ ನಡೆದಿತ್ತು. ತಮ್ಮ ಮನೆಯ ಹುಳ, ಚರಂಡಿಯ ಹುಳ, ಈರಕ್ಕನ ಮನೆಯ ಹುಳ, ಇನ್ನೂ ಎಲ್ಲೆಲ್ಲಿಯವೋ, ಅಂಬಲಿ ಬಿದ್ದ ಕಡೆಯೆಲ್ಲ ಪಂಕ್ತಿ ಹಿಡಿದು ತಲೆ ಬಗ್ಗಿಸಿ ಕೂತಿದ್ದವು. ಅಂಬಲಿ ಮುಗಿಸಿದವು ಬಾಯಿ ಬದಲಿಸಲು ಡೇರೆ ಎಲೆ ಹತ್ತಿದ್ದವು. ಉಳಿದ ಗಡಿಗೆಯಲ್ಲಿಯೂ ನಾಲ್ಕಾರು ಬಿದ್ದು, ಹೊಟ್ಟೆ ಉಬ್ಬಿ ತೇಲುತ್ತಿದ್ದವು.

ಗೋಡೆಯ ಆಚೆ ಈರಕ್ಕ ಹಾಡಿಕೊಂಡು ನೀರು ಹಾಕುತ್ತಿದ್ದಳು. “ಅಕ್ಕಾ, ಏನು ಪವಾಡ ರೀ! ನಮ್ಮನ್ಯಾಗ ಇವತ್ತು ಒಂದು ಹುಳ ಇಲ್ಲ. ತೊಳದಿಟ್ಟಂಗ ಆಗೈತಿ.”

ಶಿವಲೀಲಾರ ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಪಾಲಾಕ್ಷಪ್ಪ ಗಡಿಗೆಯಲ್ಲಿ ಇಣುಕಿ ನೋಡಿ, “ಲೇ, ಇದ್ರಾಗ ಬಿದ್ದು ಸತ್ತಾವಲ್ಲ. ಗಿಡಕ್ಕ ಸುರಿಯೋ ಬದ್ಲಿ ಒಂದೊಂದು ಬಟ್ಲಾಗ ಇಟ್ಟುಬಿಡು, ತಾವಽ ಬಂದು ಬೀಳ್ತಾವ. ಮುಗೀತು ಕತಿ,” ಅಂದರು.

“ಸುಮ್ನಿರ್ರಿ. ಈಗ ಅದಲ್ಲ ವಿಷ್ಯಾ.”

ವಿಷಯ ಏನು ಅನ್ನುವುದು ಮಧ್ಯಾಹ್ನ ತಿಳಿಯಿತು. ಈರಕ್ಕ ಉಂಡು ಅಡ್ಡಾದ ಹೊತ್ತು ನೋಡಿ, ಶಿವಲೀಲಾ ಸ್ಟೂಲು ಹತ್ತಿ, ಗೋಡೆಯ ಆಚೆಗಿದ್ದ ಈರಕ್ಕನ ಕುಂಡಗಳಿಗೆ ಉದ್ದ ಹಿಡಿಕೆಯ ಸೌಟಿನಿಂದ ಅಂಬಲಿ ಬಡಿಸಿದರು. ಮರುದಿನ ಬೆಳಿಗ್ಗೆ ದಾಸೋಹ ಅತ್ತ ಕಡೆ ನಡೆಯಿತು.

ಆದರೆ ಈರಕ್ಕ ಮಲಗಿದಂತೆ ಕಂಡವಳೇ ಹೊರತು ಮಲಗಿದವಳಲ್ಲ. ಕಿಟಕಿಯ ಸಂದಿಯಿಂದ ಸೌಟು ನೋಡಿದ್ದಳು. ಅವತ್ತೇ ಅವಳ ಮನೆಯಲ್ಲೂ ಗಡಿಗೆ ಒಲೆ ಏರಿತು. ಅವಳು ಅಂಬಲಿಗೆ ಬೆಲ್ಲವನ್ನೂ ಹಾಕಿದಳು. ಮರುದಿನ ಹುಳಗಳು ಮತ್ತೆ ಇತ್ತ. ಶಿವಲೀಲಾ ಬೆಲ್ಲದ ಜೊತೆ ಬಾಳೆಹಣ್ಣು ಕಿವುಚಿದರು. ಹುಳಗಳು ಮತ್ತೆ ಅತ್ತ. ಹೋಗಿ ಬಂದು, ಹೋಗಿ ಬಂದು, ಲೋಳೆ ಒಣಗಿ, ಆ ನಡುಗೋಡೆ ಬೆಳಗಿನ ಬಿಸಿಲಿಗೆ ಜರಿಯಂಚಿನ ಸೀರೆ ಒಣಹಾಕಿದ ಹಾಗೆ ಹೊಳೆಯತೊಡಗಿತು. ಎರಡೂ ಮನೆಯ ಹೆಂಗಸರು ಗಿಡಕ್ಕೆ ನೀರು ಹಾಕುವುದನ್ನೇ ಮರೆತರು. ಹುಳಗಳಿಗೆ ಮಾತ್ರ ಒಂದು ಹೊತ್ತೂ ಉಪವಾಸವಿರಲಿಲ್ಲ. ಪಾಲಾಕ್ಷಪ್ಪನವರಿಗೂ ಇರಲಿಲ್ಲ. ಅವರು ಬೆಳಿಗ್ಗೆ ಇಲ್ಲಿ ಒಂದು ಚೆಂಬು ಕುಡಿದು, ಪೇಪರು ಓದುವ ನೆವದಲ್ಲಿ ಈರಕ್ಕನ ಮನೆಗೂ ಹೋಗಿ, “ಬೆಲ್ಲ ಒಂದೀಟು ಮುಂದಾತು ತಂಗಿ,” ಎಂದು ಹೇಳಿ ಬರುತ್ತಿದ್ದರು.

ಹುಣ್ಣಿಮೆಯ ಬೆಳಿಗ್ಗೆ ಹಾಲಸ್ವಾಮಿ ಕನ್ಯೆ ನೋಡಲು ಬಂದ. ಈ ಸಲ ಉಪ್ಪಿಟ್ಟಿಗಿಂತ ಮೊದಲೇ ಅವನ ಕಣ್ಣು ಅಂಗಳಕ್ಕೆ ಬಿತ್ತು. ಒಂದು ಡೇರೆ ಎಲೆ ಹರಿದು, ಬಿಸಿಲಿಗೆ ಹಿಡಿದು, ಅದರ ತೂತುಗಳಿಂದ ಶಿವಲೀಲಾರ ಮುಖ ನೋಡಿದ.

“ಏನ್ರಿ ಅಮ್ಮಾರ ಇದು? ಗಿಡಾನೋ, ಹಿಟ್ಟಿನ ಸಾಣಿಗೀನೋ?”

“ಹಾಲಸ್ವಾಮಿ, ಒಂದು ಮಳಿ ಬಿದ್ರ ಚಿಗುರ್ತಾವ...”

“ಮಂತ್ರಿಗಳು ನಾಳೆ ಬರ್ತಾರ್ರಿ, ಮುಂದಿನ ಮಳಿಗೆ ಬರಂಗಿಲ್ಲ. ಈರಕ್ಕಾರ ಮನಿ ನೋಡಿಯಽ ಬಂದೆ. ಅಲ್ಲಿ ಎಲಿನೂ ಇಲ್ಲ, ಬರೇ ಕಡ್ಡಿ.” ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿದ. “ಶಾಮಿಯಾನದವ ದಾವಣಗೆರೆಯಿಂದ ಪ್ಲಾಸ್ಟಿಕ್ ಡೇರೆ ಹೂವು ತಂದಾನ. ನೀರು ಕೇಳಂಗಿಲ್ಲ, ನೆರಳು ಕೇಳಂಗಿಲ್ಲ. ಅವನ್ನ ಇಡ್ತೀವಿ ಬಿಡ್ರಿ.”

ಶಿವಲೀಲಾರಿಗೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ ಕಣ್ಣ ಮುಂದೆ ಬಂತು. ಇವತ್ತು ಶಾಮಿಯಾನದವನ ಪ್ಲಾಸ್ಟಿಕ್ ವೇದಿಕೆಗೆ ಹೋಯಿತೆಂದರೆ ಮುಂದೆಂದೂ ಯಾರೂ ಈ ಗೇಟು ತೆರೆಯುವುದಿಲ್ಲ. ಹಾಲಸ್ವಾಮಿಯೂ ಬರುವುದಿಲ್ಲ, ಹೆಸರೂ ಹೋಗುವುದಿಲ್ಲ. ಆದರೆ ಬುದ್ಧಿ ಕೈಕೊಡಲಿಲ್ಲ.

“ಆ ಪ್ಲಾಸ್ಟಿಕ್ ಹೂವಿಗೆ ಕುಂಡ ಐತೇನೋ?”

“ಇಲ್ರಿ. ಬರೇ ಟೊಂಗಿ. ಡಬ್ಬ್ಯಾಗ ನಿಂದ್ರಸಬೇಕು.”

“ಎಣ್ಣಿ ಡಬ್ಬ್ಯಾಗ? ಮಂತ್ರಿಗಳ ಮುಂದ? ಹಾಲಸ್ವಾಮಿ, ಕುಂಡ ನಮ್ದು ಒಯ್ಯಿ. ಗಿಡ ಕತ್ತರಿಸಿ ಒಗೀತೀನಿ. ಮಣ್ಣಾಗ ನಿನ್ನ ಪ್ಲಾಸ್ಟಿಕ್ ಚುಚ್ಚು. ಯಾರು ಮುಟ್ಟಿ ನೋಡ್ತಾರ?”

ಹಾಲಸ್ವಾಮಿ ಮೀಸೆಯ ಮೇಲೆ ಬೆರಳಿಟ್ಟು ಯೋಚಿಸುತ್ತಿರುವಾಗಲೇ ಗೋಡೆಯ ಮೇಲೆ ಈರಕ್ಕನ ತಲೆ ಮೂಡಿತು. “ನಾ ಮುಟ್ಟಿ ನೋಡ್ತೀನಿ. ಮುಟ್ಟಿ ನೋಡಿ ಊರಿಗೆಲ್ಲಾ ಹೇಳ್ತೀನಿ. ಇಲ್ಲಾಂದ್ರ ಆರು ಕುಂಡ ನಂದೂ ಹೋಗ್ಲಿ.”

ಆರು ಬಿಳಿ ಹೆಸರು, ಆರು ಹಳದಿ ಹೆಸರು, ಒಂದು ಬಿಟ್ಟು ಒಂದು ಇಡುವುದು ಅಂತ ಹಾಲಸ್ವಾಮಿ ರಾಜಿ ಮಾಡಿಸಿದ. ಒಂದೇ ನಮೂನೆ ಅನ್ನುವ ಮಾತು ಸಾಹೇಬರಿಗೆ ನೆನಪಿರಲಿಲ್ಲ. ಎರಡೂ ಮನೆಯಲ್ಲಿ ಉಪ್ಪಿಟ್ಟು ತಿಂದ.

ಮರುದಿನ ವೇದಿಕೆ ನೋಡಿದವರು ಹುಬ್ಬೇರಿಸಿದರು. ದಾವಣಗೆರೆಯ ಡೇರೆಗಳು ಎದೆಯೆತ್ತರ ನಿಂತು, ಹೊಸದಾಗಿ ತೊಳೆದ ಬಸ್ಸಿನ ಹಾಗೆ ಮಿರಮಿರ ಮಿಂಚುತ್ತಿದ್ದವು. ಮೇಲೆ ಅತ್ತರನ್ನೂ ಸಿಂಪಡಿಸಿದ್ದ ಹಾಲಸ್ವಾಮಿ. ಶಿವಲೀಲಾ ಜಮಖಾನೆಯ ಮೊದಲ ಸಾಲಿನಲ್ಲಿ ಕೂತರು. ಈರಕ್ಕ ಅವರಿಗೆ ತಾಗಿಯೇ ಕೂತಳು. ಪರಸ್ಪರ ಕಾವಲು.

ಮಂತ್ರಿಗಳು ಬಂದರು, ಟೇಪು ಕತ್ತರಿಸಿದರು, ಮೈಕಿನ ಮುಂದೆ ನಿಂತು ಬರಗಾಲದ ಬಗ್ಗೆ, ಹಸಿರಿನ ಬಗ್ಗೆ ಮಾತಾಡಿದರು. ಮಾತು ಸೋತು ಏನೂ ಹೊಳೆಯದಾದಾಗ ಅವರ ಕಣ್ಣು ಹೂವಿನ ಮೇಲೆ ಬಿತ್ತು.

“ಈ ಹೂವುಗಳನ್ನು ನೋಡಿ! ಇಂಥ ಒಣ ಸೀಮೆಯಲ್ಲಿ ಎಷ್ಟು ಸಮೃದ್ಧಿ! ಒಂದು ಎಲೆಯಲ್ಲೂ ಹುಳು ತಿಂದ ಗುರುತಿಲ್ಲ. ಇಲ್ಲಿ ಹೆಸರೂ ಬರೆದಿದೆ. ಶಿವಲೀಲಾ ಪಾಲಾಕ್ಷಪ್ಪ ಯಾರು? ಈರಮ್ಮ ಯಾರು? ಬನ್ನಿ ತಾಯಂದಿರೇ, ಮೇಲೆ ಬನ್ನಿ!”

ಇಷ್ಟು ವರ್ಷ ಹೆಸರು ಹತ್ತಿದ ಮೆಟ್ಟಿಲನ್ನು ಅವತ್ತು ಶಿವಲೀಲಾ ಹತ್ತಿದರು. ಹಿಂದೆ ಈರಕ್ಕ. ವೇದಿಕೆಯ ಮೂಲೆಯಲ್ಲಿ ಹಾಲಸ್ವಾಮಿ ಕೈಮುಗಿದು ನಿಂತಿದ್ದ, ಮಂತ್ರಿಗಳಿಗಲ್ಲ, ಇವರಿಗೆ.

“ಹೇಳಿ ತಾಯಿ,” ಮಂತ್ರಿಗಳು ಮೈಕನ್ನು ಅವರ ಬಾಯಿಗೆ ಹಿಡಿದರು. “ಹುಳುವಿನ ಕಾಟದಿಂದ ಇವನ್ನು ಹೇಗೆ ಕಾಪಾಡಿದಿರಿ? ಜನ ಕೇಳಲಿ.”

ಜನ ಕಿವಿಗೊಟ್ಟರು. ಮಹಿಳಾ ಮಂಡಳಿಯವರು ಒಂದು ಕಡೆ, ಅಯ್ಯನವರು ಒಂದು ಕಡೆ, ಹಿಂದೆ ಕಂಬಕ್ಕೆ ಒರಗಿ ಎರ್ರಮ್ಮ. ಶಿವಲೀಲಾ ಈರಕ್ಕನನ್ನು ನೋಡಿದರು. ಈರಕ್ಕ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುಳುಗಿದರೆ ಇಬ್ಬರೂ.

“ಜೋಕುಮಾರಸ್ವಾಮಿ ಅಂಬ್ಲಿ ರೀ,” ಅಂದರು ಶಿವಲೀಲಾ. “ಚರಗ ಚೆಲ್ಲೀವಿ.”

“ಅಕ್ಕ ಹೇಳಿದ್ದು ಖರೇ ಐತ್ರಿ,” ಅಂದಳು ಈರಕ್ಕ. “ನಾನಂತೂ ಬೆಲ್ಲಾನೂ ಹಾಕಿದ್ದೆ.”

ಮಂತ್ರಿಗಳು ಮೇಜು ಗುದ್ದಿ, “ಇದು! ಇದು ನಮ್ಮ ಹಿರಿಯರ ವಿಜ್ಞಾನ!” ಎಂದರು. ಚಪ್ಪಾಳೆ ಗುಡುಗಿತು. ಮೂಢನಂಬಿಕೆಯ ಭಾಷಣಕ್ಕೆ ಶಿವಲೀಲಾರಿಗೆ ಹಾರ ಹಾಕಿದ್ದ ಮಂಡಳಿಯವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಇದರ ಬಗ್ಗೆ ಅಧ್ಯಯನ ಆಗಬೇಕು ಎಂದು ಮಂತ್ರಿಗಳು ಪಕ್ಕದ ಅಧಿಕಾರಿಗೆ ಹೇಳಿದರು. ಅಧಿಕಾರಿ ಆಗಲಿ ಸಾರ್ ಎಂದು ತಲೆ ಆಡಿಸಿ, ಪಕ್ಕದವರ ಕಡೆ ನೋಡಿದರು.

ಅಷ್ಟರಲ್ಲಿ ಶಿವಲೀಲಾರ ಕಣ್ಣು ಕೆಳಗೆ ಹೋಯಿತು. ಅವರ ಪಾದದ ಬಳಿಯ ಕುಂಡದ ತಳದ ತೂತಿನಿಂದ ಕರ್ರಗೆ ಒಂದು ಹುಳ ಹೊರಬಂತು. ಹಸಿದಿತ್ತು, ಪಾಪ, ಎರಡು ದಿನದಿಂದ ಯಾರೂ ಅಂಬಲಿ ಇಟ್ಟಿರಲಿಲ್ಲ. ಅದು ನಿಧಾನಕ್ಕೆ ಹೆಸರಿನ ಮೇಲೆ ಹಾದು, ಅಂಚು ದಾಟಿ, ದಾವಣಗೆರೆಯ ಡೇರೆಯನ್ನು ಹತ್ತಿತು. ಒಂದು ಎಲೆಗೆ ಬಾಯಿ ಇಟ್ಟಿತು. ಕೋಡು ಒಳಗೆಳೆದುಕೊಂಡಿತು. ಇನ್ನೊಂದು ಎಲೆಗೆ ಬಾಯಿ ಇಟ್ಟಿತು. ಆಮೇಲೆ ಬಂದ ದಾರಿಯಲ್ಲೇ ಇಳಿದು ಮಣ್ಣಿಗೆ ಹೋಯಿತು. ಆ ವೇದಿಕೆ ಏರಿದವರಲ್ಲಿ ಹೂವನ್ನು ಪರೀಕ್ಷೆ ಮಾಡಿದ್ದು ಅದೊಂದೇ.

ಮುಂದಿನ ವರ್ಷ ಜೋಕುಮಾರ ಬಂದಾಗ ಎರ್ರಮ್ಮನಿಗೆ ಹಾಡಲು ಪುರುಸೊತ್ತಿರಲಿಲ್ಲ. ಹೂವಿನ ಕುಂಡ ಇದ್ದವರೆಲ್ಲ ಬಟ್ಟಲು ಹಿಡಿದು ಮುಂಬಾಗಿಲಲ್ಲೇ ನಿಂತಿದ್ದರು. ಕೊಟ್ಟೂರಿನಿಂದ, ಹಗರಿಬೊಮ್ಮನಹಳ್ಳಿಯಿಂದ ಬೀಗರು ಹೆಪ್ಪಿಗೆ ಹೇಳಿ ಕಳಿಸಿದರು. ಜೊತೆಗೆ ಶಿವಲೀಲಾ ಡೇರೆ ಗಡ್ಡೆಯನ್ನೂ ಮಣ್ಣು ಸಮೇತ ದಾನ ಮಾಡಿದರು. ಆ ಭಾದ್ರಪದದಲ್ಲಿ ಗೊಣ್ಣಿಹುಳ ತಾಲೂಕು ದಾಟಿತು. ಚರಗ ಸಾಲದೇ ಹೋಗಿದೆ, ಇನ್ನೂ ಜಾಸ್ತಿ ಸುರಿಯಬೇಕು ಎಂದೇ ಎಲ್ಲರೂ ತೀರ್ಮಾನಿಸಿದರು.

ಈರಕ್ಕ ಮತ್ತು ಶಿವಲೀಲಾ ಗೋಡೆಯ ಮೇಲಿಂದ ಮತ್ತೆ ಚಟ್ನಿಪುಡಿ ಕೊಟ್ಟು ತೆಗೆದುಕೊಳ್ಳುವಂತಾದರು. ಒಬ್ಬರ ಗುಟ್ಟು ಇನ್ನೊಬ್ಬರ ಬಾಯಲ್ಲಿದ್ದರೆ ಸ್ನೇಹ ಬಹಳ ಗಟ್ಟಿ.

ಉದ್ಘಾಟನೆಯ ಮರುದಿನದ ಪೇಪರಿನ ಮಾತೊಂದು ಹೇಳದೇ ಉಳಿಯಿತು. ಅವತ್ತು ಶಿವಲೀಲಾ ಪೇಪರಿನ ಹುಡುಗನಿಗಾಗಿ ಗೇಟಿನಲ್ಲೇ ಕಾದಿದ್ದರು. ಫೋಟೋ ಬಂದಿತ್ತು, ಮೊದಲ ಪುಟದಲ್ಲಿಯೇ. ಮಂತ್ರಿಗಳು ಮೈಕು ಹಿಡಿದಿದ್ದಾರೆ. ಈರಕ್ಕ ಹಲ್ಲು ಬಿಟ್ಟಿದ್ದಾಳೆ. ಮೈಕಿನ ಮುಂದೆ ಒಂದು ಸೀರೆ ಇದೆ, ಸೀರೆಯ ಕೆಳಗೆ ‘ಶ್ರೀಮತಿ ಶಿವಲೀಲಾ ಪಾಲಾಕ್ಷಪ್ಪ’ ಎಂಬ ಬಿಳಿ ಅಕ್ಷರಗಳು ಸ್ಪಷ್ಟವಾಗಿವೆ. ಮುಖ ಇರಬೇಕಾದ ಕಡೆ ಊಟದ ತಟ್ಟೆಯಗಲದ ಒಂದು ಪ್ಲಾಸ್ಟಿಕ್ ಡೇರೆ ಅಡ್ಡ ಬಂದಿದೆ.

ಪಾಲಾಕ್ಷಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೆಂಡತಿಯ ಮುಖ ನೋಡಿದರು. ಏನಾದರೂ ಸಮಾಧಾನ ಹೇಳಬೇಕಿತ್ತು.

“ಹೂವು ಚಲೋ ಬಂದೈತಿ ಬಿಡು,” ಅಂದರು. ಆಮೇಲೆ ಚೆಂಬು ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಗಡಿಗೆ ಬಗ್ಗಿಸಿ ನೋಡಿ ಅಲ್ಲಿಂದಲೇ ಕೂಗಿದರು, “ಲೇ, ಇನ್ನ ಮ್ಯಾಲೆ ಅಂಬ್ಲಿ ಮಾಡಂಗಿಲ್ಲೇನು?”